ಗಂಗೋತ್ರಿಯಲ್ಲಿ ಯಾವ ಮೆಸ್ಸು? ಮೆನು ಬಿಡಿ, ಸಾರು ನೋಡಿ

ಹೊಸದಾಗಿ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿಗೆ ಸೇರಿದವರು ಹಾಸ್ಟೆಲ್ ರೂಮಿನ ಬೀಗದ ಕೈ ಸಿಕ್ಕ ಕೂಡಲೇ ಕೇಳೋದು ಒಂದೇ: ಊಟ ಎಲ್ಲಿ ಚೆನ್ನಾಗಿದೆ? ಸೀನಿಯರ್‌ಗಳ ಉತ್ತರವನ್ನ ಪೂರ್ತಿ ನಂಬಬೇಡಿ. ಹಾಸನದವರಿಗೆ ಹಿಡಿಸಿದ ಸಾರು ಬೀದರಿನವರಿಗೆ ಸಪ್ಪೆ. ಭಟ್ಟರು ಕೆಲಸ ಬಿಟ್ಟರೆ ಹೋದ ವರ್ಷದ ಹೊಗಳಿಕೆಗೆ ಈ ವರ್ಷ ಬೆಲೆಯಿಲ್ಲ. ಗೋಡೆಗೆ ಅಂಟಿಸಿದ ಮೆನುವಂತೂ ಎಲ್ಲಾ ಕಡೆ ಹೆಚ್ಚುಕಮ್ಮಿ ಅದೇ: ಸೋಮವಾರ ಇಡ್ಲಿ, ಮಂಗಳವಾರ ಪಲಾವ್, ಒಂದು ದಿನ ಉಪ್ಪಿಟ್ಟು, ಇನ್ನೊಂದು ದಿನ ಚಿತ್ರಾನ್ನ. ವಿಚಾರಿಸಬೇಕಾದ್ದು ಬೇರೆ. ಮಾಡಿದ ಅಡುಗೆ ಮಿಕ್ಕರೆ ನಷ್ಟ ಯಾರ ತಲೆಗೆ? ಒಲೆಯಿಂದ ಇಳಿದದ್ದು ತಟ್ಟೆಗೆ ಬೀಳೋಕೆ ಎಷ್ಟು ಹೊತ್ತು? ಇವೆರಡು ಗೊತ್ತಾದರೆ ಉಳಿದದ್ದು ತಾನಾಗಿ ತಿಳಿಯುತ್ತೆ.

ಗಂಗೋತ್ರಿಯ ಹಾಸ್ಟೆಲ್‌ಗಳಿರಲಿ, ಊರಿನ ಎಂಜಿನಿಯರಿಂಗ್ ಕಾಲೇಜುಗಳಿರಲಿ, ಮಂಡ್ಯದ ಪಿ.ಇ.ಎಸ್. ಕಾಲೇಜು, ಅಲ್ಲಿನ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್ ಕಡೆಯ ಕಾಲೇಜುಗಳಿರಲಿ, ವಿದ್ಯಾರ್ಥಿಗಳು ಉಣ್ಣೋ ಜಾಗಗಳು ಸಾಮಾನ್ಯವಾಗಿ ಮೂರು ಬಗೆ. ಖರ್ಚನ್ನ ಎಲ್ಲರೂ ಹಂಚಿಕೊಳ್ಳೋ ಡಿವೈಡಿಂಗ್ ಮೆಸ್ಸು, ತಿಂಗಳಿಗೆ ಇಷ್ಟು ಅಂತ ಗೊತ್ತು ಮಾಡಿದ ಕಾಂಟ್ರಾಕ್ಟ್ ಮೆಸ್ಸು, ಟೋಕನ್ ಕೊಟ್ಟು ತಿನ್ನೋ ಕ್ಯಾಂಟೀನು. ಸರ್ಕಾರಿ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳದ್ದು ಬೇರೆ ಲೆಕ್ಕ. ಅಲ್ಲಿ ಊಟದ ಖರ್ಚು ಸರ್ಕಾರದ್ದು, ವಿದ್ಯಾರ್ಥಿಗೆ ಬಿಲ್ ಬರೋದಿಲ್ಲ. ಅದನ್ನ ಈ ಹೋಲಿಕೆಗೆ ತರೋದಿಲ್ಲ.

ಡಿವೈಡಿಂಗ್ ಲೆಕ್ಕ ಅರ್ಥವಾಗದೆ ಜಗಳ ಆಡೋರೇ ಜಾಸ್ತಿ, ಹಾಗಾಗಿ ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀವಿ. ತಿಂಗಳ ದಿನಸಿ, ತರಕಾರಿ, ಹಾಲು, ಗ್ಯಾಸು, ಅಡುಗೆಯವರ ಸಂಬಳ ಎಲ್ಲ ಕೂಡಿಸಿ, ಆ ತಿಂಗಳು ಎಲ್ಲರೂ ಸೇರಿ ಉಂಡ ಒಟ್ಟು ದಿನಗಳಿಂದ ಭಾಗಿಸಿದರೆ ದಿನದ ದರ ಬರುತ್ತೆ. ಅದನ್ನ ನೀವು ಇದ್ದ ದಿನಗಳಿಂದ ಗುಣಿಸಿದರೆ ನಿಮ್ಮ ಬಿಲ್ಲು. ಉದಾಹರಣೆಗೆ 120 ಜನರ ಮೆಸ್ಸಲ್ಲಿ ಒಬ್ಬರ ಒಂದು ದಿನದ ಸಾಮಾನಿಗೆ 70 ರೂಪಾಯಿ, ತಿಂಗಳ ಸಂಬಳ ಮತ್ತಿತರ ಬದಲಾಗದ ಖರ್ಚು 90,000 ಅಂತ ಇಟ್ಟುಕೊಳ್ಳಿ. ಎಲ್ಲರೂ 30 ದಿನ ಉಂಡರೆ 3,600 ದಿನ. ತಲಾ ದಿನಕ್ಕೆ ಸಂಬಳದ ಪಾಲು 25, ಒಟ್ಟು ದರ 95. ದಸರಾ ರಜೆ ಬಂದು ಅರ್ಧಕ್ಕರ್ಧ ಜನ ಊರಿಗೆ ಹೋದರೆ ಲೆಕ್ಕ 1,800 ದಿನಕ್ಕೆ ಇಳಿಯುತ್ತೆ. ಸಂಬಳ ಇಳಿಯೋದಿಲ್ಲ. ಅದರ ಪಾಲು 50 ಆಗಿ ದರ 120ಕ್ಕೆ ಏರುತ್ತೆ. ಊಟ ಮೊದಲಿನದ್ದೇ, ಭಟ್ಟರು ಮೊದಲಿನವರೇ, ಬಿಲ್ಲು ಮಾತ್ರ ಜಾಸ್ತಿ. ಆಗ ಮೆಸ್ ನೋಡಿಕೊಳ್ಳೋ ವಿದ್ಯಾರ್ಥಿ ಕಮಿಟಿಯವರು ದುಡ್ಡು ಹೊಡೆದರು ಅಂತ ಗುಲ್ಲೆಬ್ಬಿಸೋಕೆ ಮುಂಚೆ ಹಾಜರಿ ಪುಸ್ತಕ ತೆಗೆಸಿ ನೋಡಿ. ಪಿಎಚ್.ಡಿ. ಮಾಡ್ತಾ ರಜೆಯಲ್ಲೂ ಕ್ಯಾಂಪಸ್ಸಲ್ಲೇ ಉಳಿಯೋರಿಗೆ ಈ ಪದ್ಧತಿ ವರ್ಷಕ್ಕೆ ಎರಡು ಮೂರು ತಿಂಗಳು ದುಬಾರಿಯಾಗುತ್ತೆ.

ಮೆಸ್ ಕಟ್, ಅಂದರೆ ಉಣ್ಣದ ದಿನದ ದುಡ್ಡನ್ನ ಬಿಲ್ಲಿಂದ ಕಳೆಯೋ ನಿಯಮವನ್ನೂ ಸೇರೋ ದಿನವೇ ಕೇಳಿಕೊಳ್ಳಿ. ಒಂದು ಹೊತ್ತು, ಒಂದು ದಿನ ತಪ್ಪಿಸಿದರೆ ಸಾಮಾನ್ಯವಾಗಿ ಕಡಿತ ಇಲ್ಲ. ಸತತವಾಗಿ ಇಷ್ಟು ದಿನ ಇರೋದಿಲ್ಲ ಅಂತ ಮುಂಚಿತವಾಗಿ ಪುಸ್ತಕದಲ್ಲಿ ಬರೆದರೆ ಮಾತ್ರ ಉಂಟು. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಮೆಸೇಜು ಲೆಕ್ಕಕ್ಕಿಲ್ಲ.

ಕಾಂಟ್ರಾಕ್ಟ್ ಮೆಸ್ಸಲ್ಲಿ ಮಿಕ್ಕ ಅನ್ನ ಕಾಂಟ್ರಾಕ್ಟರ ಜೇಬಿನ ನಷ್ಟ. ಹಾಗಾಗಿ ಅವರು ಕೈ ಹಿಡಿದು ಮಾಡ್ತಾರೆ, ಕಡೆಗೆ ಬಂದವರಿಗೆ ಪಲ್ಯ ಇರೋದಿಲ್ಲ. ಡಿವೈಡಿಂಗಲ್ಲಿ ತದ್ವಿರುದ್ಧ: ನಷ್ಟ ಎಲ್ಲರದ್ದೂ ಆದ್ದರಿಂದ ಯಾರದ್ದೂ ಅಲ್ಲ. ಪಾತ್ರೆ ತುಂಬ ಮಾಡ್ತಾರೆ, ಎಣ್ಣೆ ಧಾರಾಳ, ಸ್ಟೋರ್ ರೂಮಿನ ತೂಕಕ್ಕೂ ಪುಸ್ತಕದ ತೂಕಕ್ಕೂ ತಾಳೆಯಾಗೋದಿಲ್ಲ. ರುಚಿಯಲ್ಲಿ ಡಿವೈಡಿಂಗ್ ಮುಂದು, ನಿಯಮಿತ ಖರ್ಚಿನಲ್ಲಿ ಕಾಂಟ್ರಾಕ್ಟ್ ಮುಂದು ಅನ್ನೋದು ನಮ್ಮ ಅಭಿಪ್ರಾಯ. ಆದರೆ ಕಮಿಟಿಯಲ್ಲಿ ಕೂತು ವಾರಕ್ಕೊಮ್ಮೆ ಬೆಳಿಗ್ಗೆ ಸ್ಟೋರ್ ಬಾಗಿಲಲ್ಲಿ ನಿಂತು ಬೇಳೆ ತೂಗಿಸೋ ಇಬ್ಬರಾದರೂ ಇಲ್ಲದಿದ್ದರೆ ಡಿವೈಡಿಂಗ್‌ನ ಮಾತೇ ಬೇಡ.

ಆ ಬೇಳೆಯ ಲೆಕ್ಕ ಹೀಗೆ. ನೂರು ಜನರ ಒಂದು ಹೊತ್ತಿನ ಸಾಂಬಾರಿಗೆ 3ರಿಂದ 4 ಕೆ.ಜಿ. ತೊಗರಿಬೇಳೆ ಬೇಕು. ಎರಡಕ್ಕೆ ಇಳಿಸಿದರೂ ಬಣ್ಣ, ಹುಳಿ, ಖಾರ ಸರಿಮಾಡಬಹುದು, ಮಂದ ಬರಿಸೋಕಾಗಲ್ಲ. ಆಗ ಕಡಲೆ ಹಿಟ್ಟೋ ಅಕ್ಕಿ ಹಿಟ್ಟೋ ಕದಡಿ ಹಾಕ್ತಾರೆ. ಪತ್ತೆ ಹಚ್ಚೋದು ಸುಲಭ. ಒಂದು ಸೌಟು ಸಾರನ್ನ ತಟ್ಟೆಯ ಗುಂಡಿಯಲ್ಲಿ ಹಾಗೇ ಬಿಟ್ಟು ಐದು ನಿಮಿಷ ಅನ್ನ ಪಲ್ಯ ತಿನ್ನಿ. ಬೇಳೆ ಸಾಲದ ಸಾರಾದರೆ ಅಂಚಿನಲ್ಲಿ ತಿಳಿನೀರು ಬೇರೆಯಾಗಿ ನಿಲ್ಲುತ್ತೆ. ಹಿಟ್ಟು ಕದಡಿದ್ದಾದರೆ ಆರಿದ ಮೇಲೆ ಮೇಲೊಂದು ತೆಳು ಕೆನೆ ಕಟ್ಟಿ, ಬೆರಳಿಟ್ಟರೆ ಮಡಿಚಿಕೊಳ್ಳುತ್ತೆ. ತಿಂಗಳ ಮೊದಲ ವಾರಕ್ಕಿಂತ ಕಡೆಯ ವಾರ ಈ ಪರೀಕ್ಷೆ ಮಾಡಿ.

ಬೇಳೆ ಸಾಕಷ್ಟಿದ್ದೂ ಕಾಳು ಕಾಳಾಗಿ ಉಳಿದರೆ ದೋಷ ನೀರಿನದ್ದು. ಕಾವೇರಿ, ಕಬಿನಿ ನೀರು ಬರೋ ಕಡೆ ಈ ತೊಂದರೆ ಕಮ್ಮಿ. ಬೇಸಿಗೆಯಲ್ಲಿ ಬೋರ್‌ವೆಲ್ ನೀರಿಗೋ ಟ್ಯಾಂಕರಿಗೋ ಇಳಿದರೆ, ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ ಜೊತೆ ಕೂಡಿ ಅದನ್ನ ಮೆತ್ತಗಾಗೋಕೆ ಬಿಡೋದಿಲ್ಲ. ಭಟ್ಟರು ಸೋಡಾ ಹಾಕ್ತಾರೆ. ಬೇಳೆ ಬೇಯುತ್ತೆ, ಆದರೆ ಥಯಾಮಿನ್ ಅನ್ನೋ ಬಿ ವಿಟಮಿನ್ ನಾಶವಾಗುತ್ತೆ, ಸಾರಿಗೊಂದು ಸಾಬೂನಿನ ವಾಸನೆ ಹತ್ತುತ್ತೆ. ಬೇಳೆಯನ್ನ ಅರ್ಧ ಗಂಟೆ ನೆನೆಸಿ, ಹುಣಸೆ, ಟೊಮೆಟೊ ಯಾವುದನ್ನೂ ಬೇಳೆ ಬೆಂದ ಮೇಲಷ್ಟೇ ಹಾಕಿದರೆ ಸೋಡಾದ ಹಂಗು ಬಹುಮಟ್ಟಿಗೆ ತಪ್ಪುತ್ತೆ. ಕುಡಿಯೋಕೆ ಹಾಕಿಸಿದ ಆರ್.ಓ. ನೀರಲ್ಲೇ ಬೇಳೆಯನ್ನೂ ಬೇಯಿಸಿ ಅಂತ ಕಮಿಟಿ ಹೇಳಬಹುದು. ನೂರು ಜನರ ಬೇಳೆಗೆ ಬೇಕಾಗೋದು 15 ಲೀಟರ್ ಚಿಲ್ಲರೆ ಅಷ್ಟೇ.

ಇನ್ನು ಹಿಟ್ಟು. ಮಂಡ್ಯ, ಮೈಸೂರು ಸೀಮೆಯವರಿಗೆ ಮೆಸ್ಸಿನ ಯೋಗ್ಯತೆ ತಿಳಿಯೋದು ಮುದ್ದೆಯಲ್ಲೇ. ಇಂಡಾಫ್ ರಾಗಿ ತಳಿಗಳು ಹುಟ್ಟಿದ ವಿ.ಸಿ. ಫಾರ್ಮ್ ಇರೋ ಸೀಮೆಯಲ್ಲಿ ಗಂಟು ಮುದ್ದೆ ಬಡಿಸೋದು ನಿಜಕ್ಕೂ ಅವಮಾನ! ಒಂದು ಮುದ್ದೆಗೆ ಸುಮಾರು 100 ಗ್ರಾಂ ಹಿಟ್ಟು. ಒಂದು ಕೆ.ಜಿ. ಹಿಟ್ಟಿಗೆ ಎರಡು ಲೀಟರ್ ಆಸುಪಾಸು ನೀರು, ಹಿಟ್ಟು ಹಳೇದಾದರೆ ಸ್ವಲ್ಪ ಜಾಸ್ತಿ. ಎಸರಿಗೆ ಮೊದಲೇ ಒಂದು ಹಿಡಿ ಹಿಟ್ಟನ್ನ ತಣ್ಣೀರಲ್ಲಿ ಕದಡಿ ಬಿಟ್ಟು, ಎಸರು ಮರಳಿದ ಮೇಲೆ ಉಳಿದ ಹಿಟ್ಟನ್ನ ಗುಡ್ಡೆಯಾಗಿ ಸುರಿದು, ನಡುವೆ ಕೋಲಿನಿಂದ ತೂತು ಮಾಡಿ, ಮುಟ್ಟದೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಬೇಕು. ತೊಳಸೋದು ಆಮೇಲೆ. ಮೆಸ್ಸುಗಳಲ್ಲಿ ಕೆಡೋದು ಇಲ್ಲೇ. ಒಬ್ಬರು ಕೋಲು ಹಿಡಿದು ಚೆನ್ನಾಗಿ ತೊಳಸೋಕೆ ಆಗೋದು ಒಂದು ಪಾತ್ರೆಗೆ ಆರೇಳು ಕೆ.ಜಿ. ಹಿಟ್ಟು, ಅಂದರೆ 60-70 ಮುದ್ದೆ. ಅದಕ್ಕಿಂತ ಜಾಸ್ತಿ ಸುರಿದರೆ ತಳದಲ್ಲಿ ಸೀದು, ನಡುವೆ ಹಸಿಹಿಟ್ಟಿನ ಗಂಟು ಉಳಿಯುತ್ತೆ. 150 ಜನರಿಗೆ ಒಂದೇ ಸಲ ಮಾಡಿ ಹಾಟ್‌ಬಾಕ್ಸಿಗೆ ತುಂಬಿದರೆ ಇನ್ನೊಂದು ಆಪತ್ತು: ಮುಕ್ಕಾಲು ಗಂಟೆಯಲ್ಲಿ ಆವಿ ನೀರಾಗಿ ಮುದ್ದೆ ಹೊರಗೆ ಲೋಳೆ, ಒಳಗೆ ಗಟ್ಟಿ. ಒಳ್ಳೆ ಮೆಸ್ಸಲ್ಲಿ ಮುದ್ದೆ ಎರಡು ಮೂರು ಸಲ ಇಳಿಯುತ್ತೆ, ಅರ್ಧ ಗಂಟೆ ಅಂತರ ಬಿಟ್ಟು. ರಾತ್ರಿ ಎಂಟೂವರೆಗೆ ಹೋಗಿ ಕೈ ಸುಡೋ ಮುದ್ದೆ ಸಿಕ್ಕರೆ ಅಲ್ಲೇ ಹೆಸರು ಬರೆಸಿ. ಬಸ್ಸಾರೋ ಉಪ್ಸಾರೋ ಸೊಪ್ಪಿನ ಸಾರೋ ಅನ್ನೋದನ್ನ ಆಮೇಲೆ ನೋಡಿಕೊಳ್ಳಬಹುದು.

ಅನ್ನದ ವಿಚಾರದಲ್ಲಿ ಭಟ್ಟರ ಮೇಲೆ ಬೀಳೋ ಬೈಗುಳದಲ್ಲಿ ಅರ್ಧ ಅನ್ಯಾಯ. ಮಂಡ್ಯ ಕಡೆ ಭತ್ತದ ಕುಯಿಲು ಮುಗಿದ ಮೇಲೆ ಜನವರಿಯಿಂದ ಅಂಗಡಿಗೆ ಹೊಸ ಅಕ್ಕಿ ಬರುತ್ತೆ. ಹೊಸ ಅಕ್ಕಿ ಮುದ್ದೆಯಾಗುತ್ತೆ, ಒದಗೋದಿಲ್ಲ. ಆರು ತಿಂಗಳಿಂದ ವರ್ಷ ಹಳೇದಾದ ಸೋನಾಮಸೂರಿ ಹೆಚ್ಚು ನೀರು ಹೀರಿ ಬಿಡಿ ಬಿಡಿಯಾಗಿ ಅರಳುತ್ತೆ. ಕೆ.ಜಿ.ಗೆ ಎರಡು ಮೂರು ರೂಪಾಯಿ ಉಳಿಸೋಕೆ ಹೊಸದನ್ನ ತಂದರೆ, ಒದಗದೆ ಇರೋದರಿಂದ ಅಳತೆ ಜಾಸ್ತಿ ಹಾಕಬೇಕಾಗಿ ಉಳಿತಾಯ ಅಲ್ಲಿಗಲ್ಲಿಗೆ. ಮುದ್ದೆಯೂ ಇರೋ ಊಟಕ್ಕೆ ನೂರು ಜನಕ್ಕೆ 12 ಕೆ.ಜಿ. ಅಕ್ಕಿ ಸಾಕು, ಬರೀ ಅನ್ನವಾದರೆ 15 ಬೇಕು.

ರಾತ್ರಿ ಮಿಕ್ಕ ಅನ್ನ ಬೆಳಿಗ್ಗೆ ಚಿತ್ರಾನ್ನ ಆಗೋದು ತಪ್ಪಲ್ಲ. ಅದನ್ನ ರಾತ್ರಿಯಿಡೀ ಹೇಗೆ ಇಟ್ಟಿದ್ದರು ಅನ್ನೋದು ಮುಖ್ಯ. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಸಾಯೋದಿಲ್ಲ. ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟ ಅನ್ನದ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತೆ, ಅಲ್ಲಿ ಅವು ಬೆಳೆದು ವಿಷ ಬಿಡ್ತವೆ. ಬೆಳಿಗ್ಗೆ ಒಗ್ಗರಣೆಯಲ್ಲಿ ಬಿಸಿ ಮಾಡಿದರೂ ಆ ವಿಷ ಹೋಗೋದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರು. ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರವಿ ಬೇಗ ಆರಿಸಿ ಫ್ರಿಜ್ಜಿಗಿಟ್ಟರೆ ಭಯವಿಲ್ಲ. ಅಡುಗೆಮನೆಯಲ್ಲಿ ಅಷ್ಟು ದೊಡ್ಡ ಫ್ರಿಜ್ ಕಾಣಿಸದಿದ್ದರೆ ಬೆಳಗಿನ ಚಿತ್ರಾನ್ನ, ಪುಳಿಯೋಗರೆ ಬಿಟ್ಟು ಕ್ಯಾಂಟೀನಿಗೆ ನಡೀರಿ.

ಕ್ಯಾಂಟೀನು ಮೆಸ್ಸನ್ನ ಸೋಲಿಸೋದು ದೋಸೆಯಲ್ಲಿ. 150 ಜನಕ್ಕೆ ತಲಾ ಎರಡು ಅಂದರೆ 300 ದೋಸೆ. ಒಂದು ದೊಡ್ಡ ಕಾವಲಿಯಲ್ಲಿ ನಾಲ್ಕು ನಿಮಿಷಕ್ಕೆ ಎಂಟು ಬರುತ್ತೆ ಅಂದರೆ ಗಂಟೆಗೆ 120, ಒಟ್ಟು ಎರಡೂವರೆ ಗಂಟೆ. ಒಂಬತ್ತೂವರೆ ಕ್ಲಾಸಿಗೆ ಹೋಗೋರು ಸಾಲಲ್ಲೇ ಉಳೀತಾರೆ. ಹಾಗಾಗಿ ಮೆಸ್ಸಿನವರು ಮುಂಚೆಯೇ ಹುಯ್ದು ಒಂದರ ಮೇಲೊಂದು ಪೇರಿಸಿ ಇಡ್ತಾರೆ, ಕೈಗೆ ಬರೋದು ಬೆವೆತು ಮೆತ್ತಗಾದ ದೋಸೆ. ಚಪಾತಿಯದ್ದೂ ಇದೇ ಹಣೆಬರಹ: ಮೊದಲ ಇಪ್ಪತ್ತು ನಿಮಿಷ ಮೆದು, ಆಮೇಲೆ ಚರ್ಮ. ಮೈದಾ ಬೆರೆಸಿದ್ದರೆ ಆರಿದ ಮೇಲೆ ಎಳೆದರೂ ಹರಿಯೋದಿಲ್ಲ. ಇಡ್ಲಿ ಮಾತ್ರ ಮೆಸ್ಸಿಗೆ ಹೇಳಿ ಮಾಡಿಸಿದ್ದು, ಹಬೆ ಪೆಟ್ಟಿಗೆಯಲ್ಲಿ ಒಂದು ಬಾರಿಗೆ ನೂರು, ಹನ್ನೆರಡು ನಿಮಿಷಕ್ಕೆ. ಡಿಸೆಂಬರ್, ಜನವರಿಯಲ್ಲಿ ಹುಷಾರು. ಮೈಸೂರಿನ ರಾತ್ರಿ 16-17 ಡಿಗ್ರಿಗೆ ಇಳಿದಾಗ, ಬೇಸಿಗೆಯಲ್ಲಿ ಎಂಟು ಗಂಟೆಗೆ ಹುದುಗೋ ಹಿಟ್ಟಿಗೆ ಹನ್ನೆರಡರ ಮೇಲೆ ಬೇಕು. ಸಂಜೆ ನಾಲ್ಕಕ್ಕೇ ರುಬ್ಬಿಡದ ಅಡುಗೆಮನೆಯಲ್ಲಿ ಬೆಳಿಗ್ಗೆ ಸೋಡಾ ಬೀಳುತ್ತೆ, ಇಡ್ಲಿ ಒಂದು ಚೂರು ಹಳದಿ ತಿರುಗುತ್ತೆ.

ಮೊಸರಿಗೆ ಹೆಚ್ಚು ಹೇಳೋದಿಲ್ಲ. ಮಜ್ಜಿಗೆ ಕೊಡೋ ಕಡೆ ಒಂದು ಲೀಟರ್ ಮೊಸರಿಗೆ ಮೂರು ಲೀಟರ್ ನೀರಿನ ತನಕ ಸಹಿಸಬಹುದು. ಮಾಂಸದೂಟ ಇದ್ದರೆ ಅದರ ಖರ್ಚು ತಿನ್ನೋರ ಹೆಸರಿಗೆ ಮಾತ್ರ ಬೀಳುತ್ತಾ ಅಂತ ಕೇಳಿ, ತಲಾ 150 ಗ್ರಾಂ ಹಸಿ ಕೋಳಿಗಿಂತ ಕಮ್ಮಿ ಇದ್ದರೆ ಬರೀ ಮಸಾಲೆ.

ಶುಚಿ ನೋಡೋಕೆ ಅಡುಗೆಮನೆಗಿಂತ ತಟ್ಟೆ ತೊಳೆಯೋ ಜಾಗ ವಾಸಿ. ಅಡುಗೆಮನೆಯನ್ನ ವಾರ್ಡನ್ ಬರೋ ಹೊತ್ತಿಗೆ ಒರೆಸಿಡಬಹುದು, ತೊಟ್ಟಿಯ ನೀರನ್ನ ಊಟದ ನಡುವೆ ಬದಲಾಯಿಸ್ತಾರಾ ಇಲ್ಲವಾ ಅನ್ನೋದನ್ನ ಮುಚ್ಚಿಡೋಕಾಗಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ ಕೊಡೋ 14 ಅಂಕಿಯ ಎಫ್.ಎಸ್.ಎಸ್.ಎ.ಐ. ಲೈಸೆನ್ಸ್ ನಂಬರು ಎದುರಿಗೆ ಕಾಣೋ ಹಾಗೆ ಹಾಕಿರಬೇಕು. ಸಿಲಿಂಡರಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಮೆಸ್ಸಿಗೆ ಬಳಸಬೇಕಾದ್ದು 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರು. ಮನೆಯ 14.2 ಕೆ.ಜಿ. ಸಿಲಿಂಡರ್ ಉರಿಸ್ತಾ ಬಿಲ್ಲಲ್ಲಿ ದೊಡ್ಡದರ ರೇಟು ಬರೆದಿದ್ದರೆ ಲೆಕ್ಕ ಕೇಳೋ ಹಕ್ಕು ನಿಮಗಿದೆ.

ಕಡೆಯದಾಗಿ, ಎಷ್ಟೋ ಮೆಸ್ಸುಗಳಲ್ಲಿ ಭಾನುವಾರ ಮಧ್ಯಾಹ್ನ ವಿಶೇಷ ಊಟ ಹಾಕಿ ರಾತ್ರಿ ಒಲೆ ಹಚ್ಚೋದಿಲ್ಲ. ತಿಂಗಳಿಗೆ ನಾಲ್ಕೈದು ರಾತ್ರಿ ಹೊರಗಿನ ಖರ್ಚು ಅಂತ ಮೆಸ್ ಬಿಲ್ಲಿನ ಪಕ್ಕದಲ್ಲೇ ಬರೆದುಕೊಂಡು ದರ ಹೋಲಿಸಿ. ಗಂಗೋತ್ರಿಯಿಂದಾದರೆ ಹೊರಗೆ ಉಣ್ಣೋಕೆ ಸರಸ್ವತಿಪುರಂ ಬಡಾವಣೆ ನಡೆದು ಹೋಗೋ ದೂರದಲ್ಲೇ ಇದೆ. ಆದರೆ ಹಾಸ್ಟೆಲ್ ಗೇಟು ಹಾಕೋ ಸಮಯ ನೋಡಿಕೊಂಡು ಎಂಟರೊಳಗೆ ಹೊರಡಿ.