ಅಜ್ಜನ ನೇವಿ ಮೆಡಲು ಕಪ್ಪಾಗಿದೆ, ಉಜ್ಜಲೇ?

ಕುಂಬಳೆ, ಮಂಜೇಶ್ವರ ಕಡೆಯವರು ಮತ್ತೆ ಮತ್ತೆ ಕೇಳುವುದು ಇದನ್ನೇ: "ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜನ ನೇವಿ ಮೆಡಲು ಸಿಕ್ಕಿತು. ದೀಪ ಬೆಳಗುವ ಹಾಗೆ ಹುಣಸೆಹುಳಿ ಹಾಕಿ ಉಜ್ಜಬಹುದಾ?"

ದಯವಿಟ್ಟು ಬೇಡ. ಹುಳಿ, ಬೂದಿ, ಬ್ರಾಸೋ ಯಾವುದೂ ಬೇಡ. ಆಚಾರಿಯ ಪಾಲಿಶ್ ಚಕ್ರಕ್ಕಂತೂ ಕೊಡಲೇಬೇಡಿ. ದುಂಡು ಮೆಡಲಿನ ಜೀವ ಇರುವುದು ಅಂಚಿನಲ್ಲಿ. ಭೂತಗನ್ನಡಿ ಹಿಡಿದು ಅಂಚನ್ನು ಬೆಳಕಿಗೆ ಓರೆಯಾಗಿ ತಿರುಗಿಸಿ: ನಂಬರು, ಹುದ್ದೆ, ಹೆಸರು ಕಾಣಬಹುದು. ನಕ್ಷತ್ರದ ಆಕಾರದ್ದಾದರೆ ಹಿಂಬದಿಯನ್ನೂ ನೋಡಿ. ಉಜ್ಜಿದರೆ ಸವೆದುಹೋಗುವುದು ಆ ಅಕ್ಷರಗಳು.

ಅವು ಯಾಕೆ ಮುಖ್ಯ? 1971ರ ಯುದ್ಧದ ಪಶ್ಚಿಮ ರಂಗದಲ್ಲಿ ದುಡಿದವರಿಗೆ ಕೊಟ್ಟ ಪಶ್ಚಿಮಿ ಸ್ಟಾರ್ ಮೆಡಲು ತೆಗೆದುಕೊಳ್ಳಿ. ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದ ನಿಪಾತ್, ನಿರ್ಘಾತ್, ವೀರ್ ಕ್ಷಿಪಣಿ ದೋಣಿಗಳು ದುಡಿದದ್ದು ಆ ರಂಗದಲ್ಲಿ. ಡಿಸೆಂಬರ್ 9ರಂದು ದಿಯು ಬಳಿ 18 ಅಧಿಕಾರಿಗಳು, 176 ನಾವಿಕರ ಸಮೇತ ಮುಳುಗಿದ ಖುಕ್ರಿ ಯುದ್ಧನೌಕೆಯೂ ಅಲ್ಲಿಯದೇ. ವಿಕ್ರಾಂತ್‌ನ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದು ಪೂರ್ವದಲ್ಲಿ, ಆ ರಂಗದ್ದು ಪೂರ್ವಿ ಸ್ಟಾರ್. ಮೆಡಲು ರಂಗವನ್ನಷ್ಟೇ ಹೇಳುತ್ತದೆ. ಅಜ್ಜ ಯಾವ ಹಡಗಿನಲ್ಲಿದ್ದರು ಎಂಬುದಕ್ಕೆ ಆ ನಂಬರು ಹಿಡಿದು ಸರ್ವಿಸ್ ದಾಖಲೆಗೇ ಹೋಗಬೇಕು. ಹಾಗಾಗಿ ಡಿಸ್ಚಾರ್ಜ್ ಕಾಗದ ಸಿಕ್ಕಿದರೆ ಜೋಪಾನ ಮಾಡಿ. ಎಲ್ಲವೂ ಒಟ್ಟಿಗಿದ್ದರೇ ಅಜ್ಜನ ಕಥೆ ಪೂರ್ತಿ, ಮಕ್ಕಳೊಳಗೆ ಮೆಡಲುಗಳನ್ನು ಒಂದೊಂದಾಗಿ ಹಂಚಿಕೊಳ್ಳುವುದು ದೊಡ್ಡ ತಪ್ಪು.

ಹಳೆಯ ಬ್ರಿಟಿಷ್ ಮೆಡಲು ಕೊಳ್ಳುವವರಿಗೂ ಅಂಚೇ ಗತಿ. 1793ರಿಂದ 1840ರವರೆಗಿನ ಕಾಳಗಗಳಿಗಾಗಿ 1847ರಲ್ಲಿ ಮಂಜೂರಾದ ನೇವಲ್ ಜನರಲ್ ಸರ್ವಿಸ್ ಮೆಡಲು ಬೆಳ್ಳಿಯದು, 36 ಮಿಲಿಮೀಟರ್ ಅಗಲ. ಆಗ ಬದುಕಿದ್ದು ಅರ್ಜಿ ಹಾಕಿದವರಿಗೆ ಮಾತ್ರ ಸಿಕ್ಕಿತು. ಯಾವ ಕಾಳಗ ಎಂದು ಹೇಳುವುದು ರಿಬ್ಬನ್ನಿನ ಮೇಲಿನ ಲೋಹದ ಪಟ್ಟಿ (ಕ್ಲಾಸ್ಪ್): 'ಸಿರಿಯಾ' ಪಟ್ಟಿ ಇರುವುದು ಹೇರಳ, 'ಟ್ರಫಾಲ್ಗರ್' ದುಬಾರಿ. ಆದ್ದರಿಂದ ಪಟ್ಟಿ ಬದಲಿಸುವ ಮೋಸವಿದೆ, ಪಟ್ಟಿಯನ್ನು ಹಿಡಿದಿರುವ ರಿವೆಟ್ಟುಗಳನ್ನು ನೋಡಿ. ಅಂಚಿನ ಹೆಸರು ಮೆಡಲ್ ರೋಲಿನಲ್ಲಿ (ಮೆಡಲು ಪಡೆದವರ ಹೆಸರುಗಳ ದಾಖಲೆ) ಅದೇ ಕಾಳಗದ ಎದುರು ಇದೆಯೇ ಎಂದು ತಾಳೆ ನೋಡಿ. ಹಳೆ ಹೆಸರು ಅರೆದು ಹೊಸದು ಕೆತ್ತಿದ್ದರೆ ಅಗಲ ಕುಗ್ಗಿರುತ್ತದೆ. ವರ್ನಿಯರ್ ಕ್ಯಾಲಿಪರ್‌ನಿಂದ ನಾಲ್ಕೈದು ಕಡೆ ಅಳೆದರೆ ಗುಟ್ಟು ಹೊರಬೀಳುತ್ತದೆ.

ತೀರಾ ಜಿಡ್ಡಾಗಿದ್ದರೆ ರಿಬ್ಬನ್ ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಸೌಮ್ಯ ಸೋಪು ಬೆರೆಸಿ ಹತ್ತಿಯಿಂದ ಒತ್ತಿ ತೆಗೆಯಿರಿ, ಕೂಡಲೇ ಒರೆಸಿ. ಬೆಳ್ಳಿಯ ಕಪ್ಪು ಹಾಗೇ ಇರಲಿ, ಅದರಿಂದ ಹಾನಿಯಿಲ್ಲ. ರಬ್ಬರ್ ಬ್ಯಾಂಡು, ಉಣ್ಣೆ ಬಟ್ಟೆಯ ಗಂಧಕ ಬೆಳ್ಳಿಯನ್ನು ಇನ್ನೂ ಕಪ್ಪಾಗಿಸುತ್ತದೆ. ಮೆತ್ತನೆ ಪಿವಿಸಿ ಕವರಿನಲ್ಲಿಟ್ಟರೆ ಹಸಿರು ಅಂಟು ಬರುತ್ತದೆ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಜೊತೆಗಿಡಿ. ಆಟಿ ಮಳೆಯಲ್ಲಿ ವಾರಕ್ಕೊಮ್ಮೆ ತೆರೆದು ನೋಡಿ, ಜೆಲ್ ಗುಲಾಬಿಗೆ ತಿರುಗಿದ್ದರೆ ಹುರಿದು ಒಣಗಿಸಿ ಮತ್ತೆ ಹಾಕಿ.