ಬೆನ್ನಿಗೆ ಕೊಟ್ಟ ಆ ಇಂಜೆಕ್ಷನ್

ನಾನು ಅರಿವಳಿಕೆ ವೈದ್ಯೆ. ಮದುವೆಮನೆ, ಬಸ್ ಸ್ಟ್ಯಾಂಡು, ತರಕಾರಿ ಅಂಗಡಿ, ಎಲ್ಲೇ ಸಿಕ್ಕಿದರೂ ಹೆಂಗಸರು ಕೇಳುವುದು ಒಂದೇ. "ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ರಲ್ಲ ಡಾಕ್ಟ್ರೇ, ಅವತ್ತಿಂದ ಬೆನ್ನು ನೋವು. ಅದಕ್ಕೇ ಅಲ್ವಾ?"

ಅಲ್ಲ.

ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ. ಏಕೆಂದರೆ ಇದು ಪ್ರಶ್ನೆ ಅಲ್ಲ, ತೀರ್ಪು. ನನ್ನ ಸಹಿ ಮಾತ್ರ ಬಾಕಿ. ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದ ಆಂಟಿ, ಎಲೆಗೆ ಕೋಸಂಬರಿ ಬೀಳುವ ಮೊದಲೇ ಶುರು ಮಾಡಿದರು. ಅವರಾಚೆ ಕೂತಿದ್ದ ಅಕ್ಕನಿಗೂ ಬೆನ್ನು ನೋವಂತೆ. "ಅವರಿಗೂ ಸಿಸೇರಿಯನ್ನಾ?" ಅಂದೆ. "ಅಯ್ಯೋ ಇಲ್ಲ, ನಾಲ್ಕೂ ಮನೇಲೇ ಹೆರಿಗೆ." ಗೆದ್ದೆ ಅಂದುಕೊಂಡೆ. ಆಂಟಿ ಹಪ್ಪಳ ಮುರಿಯುತ್ತಾ, "ಅವಳದ್ದು ಬೇರೆ ನೋವು" ಅಂದರು.

ನಿಜ ಹೇಳಬೇಕೆಂದರೆ ಈ ಅನುಮಾನ ಡಾಕ್ಟರುಗಳಿಗೂ ಇತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹೆರಿಗೆಯಾಗಿ ವರ್ಷಗಳಾಗಿದ್ದ 11,701 ಹೆಂಗಸರಿಂದ ಅಂಚೆಯಲ್ಲಿ ಉತ್ತರ ತರಿಸಿಕೊಂಡು 1990ರಲ್ಲಿ ಲೆಕ್ಕ ಪ್ರಕಟಿಸಿದರು. ಹೆರಿಗೆ ಸಮಯದಲ್ಲಿ ಎಪಿಡ್ಯೂರಲ್ (ನೋವು ಗೊತ್ತಾಗದಂತೆ ಬೆನ್ನಿಗೆ ಚುಚ್ಚಿ ಕೊಡುವ ಔಷಧಿ) ತೆಗೆದುಕೊಂಡವರಲ್ಲಿ ಶೇ. 18.9 ಮಂದಿಗೆ ಬೆನ್ನುನೋವು, ಉಳಿದವರಲ್ಲಿ ಶೇ. 10.5. ಆಂಟಿ ಗೆದ್ದರು! ಆದರೆ ಬೆನ್ನಿಗೆ ಚುಚ್ಚಿಸಿಕೊಂಡವರಿಗೆ ಬೆನ್ನಿನ ನೆನಪೇ ಜಾಸ್ತಿ ಇರಬಹುದು, ಅವರ ಹೆರಿಗೆಯೇ ಹೆಚ್ಚು ಕಷ್ಟದ್ದೂ ಆಗಿರಬಹುದು. ಹಾಗಾಗಿ ಅದೇ ದೇಶದ ಸ್ಟೋಕ್ ಆನ್ ಟ್ರೆಂಟ್‌ನಲ್ಲಿ ಯಾರಿಗೆ ಎಪಿಡ್ಯೂರಲ್, ಯಾರಿಗೆ ಬೇರೆ ಔಷಧಿ ಅನ್ನುವುದನ್ನು ಮೊದಲೇ ಚೀಟಿ ಎತ್ತಿದ ಹಾಗೆ ಹಂಚಿದರು. ಸರಾಸರಿ 26 ತಿಂಗಳ ನಂತರ 306 ತಾಯಂದಿರನ್ನು ವಿಚಾರಿಸಿದರೆ, ಎರಡೂ ಗುಂಪಿನ ಬೆನ್ನುನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದು ಬಂದದ್ದು 2002ರಲ್ಲಿ. ಎಪಿಡ್ಯೂರಲ್ ಸೂಜಿಯಾದರೂ ನಮ್ಮ ಸಿಸೇರಿಯನ್ ಸೂಜಿಗಿಂತ ಎಷ್ಟೋ ದಪ್ಪ.

ಚುಚ್ಚಿದ ಜಾಗ ಎರಡು ಮೂರು ದಿನ ನೋಯುತ್ತದೆ, ಒಪ್ಪಿದೆ. ಹತ್ತು ವರ್ಷ ಅಲ್ಲ. ಒಂಬತ್ತು ತಿಂಗಳು ಹೊಟ್ಟೆ ಹೊತ್ತ ಬೆನ್ನದು, ಬಗ್ಗಿ ಹಾಲು ಕುಡಿಸಿದ್ದು, ಮಗು ಎತ್ತಿ ಇಳಿಸಿದ್ದು. ಅದನ್ನೆಲ್ಲ ಬಿಟ್ಟು ಸೂಜಿಯನ್ನೇ ಹಿಡಿದುಕೊಂಡರೆ ಹೇಗೆ?

ತಮಾಷೆ ಏನೆಂದರೆ, ಸೂಜಿಯನ್ನು ನಿಜವಾಗಿ ಬೈಯಬೇಕಾದಾಗ ಯಾರೂ ಬೈಯುವುದಿಲ್ಲ. 1898ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಆಗಸ್ಟ್ ಬಿಯರ್ ಎಂಬ ಸರ್ಜನ್ ಇದೇ ಇಂಜೆಕ್ಷನ್ನನ್ನು ತನ್ನ ಬೆನ್ನಿಗೇ ಹಾಕಿಸಿಕೊಳ್ಳಲು ಹೋದ. ಸೂಜಿಗೆ ಸಿರಿಂಜು ಸರಿಯಾಗಿ ಕೂರದೆ ಬೆನ್ನುಹುರಿಯ ಸುತ್ತಲಿನ ನೀರು ಸೋರಿತು. ಆಮೇಲೆ ದಿನಗಟ್ಟಲೆ, ಎದ್ದರೆ ತಲೆ ಸಿಡಿತ, ಮಲಗಿದರೆ ಆರಾಮ. ಈಗಿನ ಸಣ್ಣ ಸೂಜಿಗಳಿಂದ ಇದು ತುಂಬ ಕಡಿಮೆಯಾಗಿದೆ. ಪೂರ್ತಿ ಹೋಗಿಲ್ಲ.

"ಕೂತರೆ ತಲೆ ಸಿಡೀತಿದೆ ಡಾಕ್ಟ್ರೇ, ನಿಮ್ಮ ಸೂಜಿಯಿಂದಲಾ?" ಎಂದು ಒಬ್ಬರಾದರೂ ಕೇಳಲಿ ಎಂದು ಕಾಯುತ್ತಿದ್ದೇನೆ. ಬಹುಶಃ ಹೌದು ಅನ್ನುತ್ತೇನೆ. ಬಿಪಿಯಿಂದಲೂ ಇರಬಹುದು, ಹಾಗಾಗಿ ಕೂಡಲೇ ಬನ್ನಿ ಅನ್ನುತ್ತೇನೆ. ಆದರೆ ನಾನು ಎರಡನೇ ಸಲಕ್ಕೆ ಸರಿಯಾಗಿ ಚುಚ್ಚಿದ್ದ ಒಬ್ಬ ಬಾಣಂತಿ ನಾಲ್ಕು ದಿನ ಸುಮ್ನೆ ನರಳಿದ್ದಳು. ಕಿವಿಗೆ ಹತ್ತಿ ಇಟ್ಟುಕೊಂಡಿಲ್ಲ, ಗಾಳಿ ಹೊಕ್ಕಿದೆ ಎಂದು ಅವಳ ಅತ್ತೆ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು.

ಮಾತ್ರೆಗೆ ಬಗ್ಗಲಿಲ್ಲ, ಕಾಫಿಗೂ ಬಗ್ಗಲಿಲ್ಲ. ಕೊನೆಗೆ ಅವಳ ತೋಳಿನಿಂದಲೇ 15 ಮಿಲಿಲೀಟರ್ ರಕ್ತ ತೆಗೆದು, ನೀರು ಸೋರುವ ತೂತು ಮುಚ್ಚಲಿ ಎಂದು ಬೆನ್ನಿಗೆ ಹಾಕಿದೆವು. ಟ್ಯೂಬಿಗೆ ಪಂಕ್ಚರ್ ಹಾಕುತ್ತಾರಲ್ಲ, ಹಾಗೆ. ಸಂಜೆಗೆ ಎದ್ದು ಕೂತು ಮಗುವಿಗೆ ಹಾಲು ಕುಡಿಸಿದಳು. ಅತ್ತೆಗೆ ಖುಷಿಯೋ ಖುಷಿ. ಆದರೆ ಹೀಗೆ ರಕ್ತ ಹಾಕಿದ ಮೇಲೆ ಕೆಲವು ದಿನ ಬೆನ್ನು ನೋಯಬಹುದು, ಅದನ್ನು ಹೇಳದೆ ಕಳಿಸುವ ಹಾಗಿಲ್ಲ. ಹೇಳಿದೆ.

"ನಾನು ಹೇಳಲಿಲ್ವಾ?" ಎಂದು ಅತ್ತೆ ಮಗನ ಕಡೆ ತಿರುಗಿದರು.