ಒಣಚರ್ಮಕ್ಕೆ ಮೊದಲು ನೀರು, ಆಮೇಲೆ ಎಣ್ಣೆ

ಚಳಿ ಶುರುವಾಗಿ ಎರಡು ವಾರ ಕಳೆದ ಮೇಲೆ ಮೊಣಕಾಲಿನ ಕೆಳಗೆ, ಮೂಳೆ ಕೈಗೆ ಸಿಗುವ ಜಾಗದಲ್ಲಿ ಉಗುರಿನಿಂದ ಮೆಲ್ಲಗೆ ಗೀರಿ ನೋಡಿ. ಬಿಳಿ ಗೆರೆ ಮೂಡಿ ಹಿಟ್ಟಿನಂಥ ಪುಡಿ ಉದುರಿದರೆ ಚರ್ಮದ ಹೊರಪದರ ಒಣಗಿದೆ ಎಂದೇ ತಿಳಿಯಿರಿ. ಆ ಜಾಗದಲ್ಲಿ ಎಣ್ಣೆ ಗ್ರಂಥಿಗಳು ತೀರಾ ಕಡಿಮೆ, ಹಾಗಾಗಿ ಚಳಿಯ ಏಟು ಮೊದಲು ಕಾಣಿಸುವುದು ಅಲ್ಲೇ. ಇದನ್ನು ಕಂಡ ಕೂಡಲೇ ಹೆಚ್ಚಿನವರು ಒಣಗಿದ ಕಾಲಿಗೆ ಎಣ್ಣೆ ಸವರುತ್ತಾರೆ. ಅರ್ಧ ಗಂಟೆ ಹೊಳೆಯುತ್ತದೆ, ಸಂಜೆಯ ಹೊತ್ತಿಗೆ ಮತ್ತೆ ಬಿಗಿತ, ಮತ್ತೆ ತುರಿಕೆ. ಎಣ್ಣೆಯನ್ನು ದೂರಿ ಫಲವಿಲ್ಲ, ಹಚ್ಚಿದ ಹೊತ್ತು ತಪ್ಪು. ಎಣ್ಣೆಯಲ್ಲಿ ನೀರಿಲ್ಲ. ಚರ್ಮದಲ್ಲಿ ಇರುವ ನೀರು ಆರಿಹೋಗದಂತೆ ತಡೆಯುವುದಷ್ಟೇ ಅದರಿಂದಾಗುವ ಕೆಲಸ. ತಡೆಯಲು ನೀರೇ ಇಲ್ಲದಿದ್ದರೆ ಅದು ತಾನೇ ಏನು ಮಾಡೀತು?

ಹೊರಪದರ ಕಾಗದದ ಹಾಳೆಗಿಂತಲೂ ತೆಳು. ಸತ್ತ ಕೋಶಗಳು ಹದಿನೈದು ಇಪ್ಪತ್ತು ಸಾಲಾಗಿ ಒಂದರ ಮೇಲೊಂದು ಕೂತಿರುತ್ತವೆ. ಕೋಶಗಳನ್ನು ಇಟ್ಟಿಗೆ ಅಂದುಕೊಂಡರೆ ನಡುವಿನ ಗಾರೆ ಜಿಡ್ಡಿನದು: ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳು. ತೂಕದಲ್ಲಿ ಅರ್ಧದಷ್ಟು ಸೆರಮೈಡೇ. ಈ ಗಾರೆ ಸರಿಯಿದ್ದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಅದು ತೊಳೆದುಹೋದರೆ ಕೋಶಗಳ ಅಂಚು ಮೇಲೆದ್ದು ಹೊಟ್ಟು ಏಳುತ್ತದೆ, ಸಂದುಗಳಲ್ಲಿ ಬಿರುಕು ಬಿಡುತ್ತದೆ, ಸಾಬೂನು ತಾಗಿದರೂ ಉರಿಯುತ್ತದೆ.

ಚಳಿಗಾಲದಲ್ಲೇ ಹೀಗಾಗಲು ಗಾಳಿಯ ಗುಣ ಕಾರಣ. 20 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಒಂದು ಘನ ಮೀಟರಿಗೆ ಸುಮಾರು 17 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. 0 ಡಿಗ್ರಿಯ ಗಾಳಿಗೆ 5 ಗ್ರಾಂ ಕೂಡ ಹಿಡಿಸುವುದಿಲ್ಲ. ಹೊರಗಿನ ಆ ತಣ್ಣನೆ ಗಾಳಿಯನ್ನು ಒಳಗೆ ತಂದು ಹೀಟರಿನಿಂದ 20 ಡಿಗ್ರಿಗೆ ಏರಿಸಿದರೆ ಅದರಲ್ಲಿರುವ ನೀರು ಹೆಚ್ಚುವುದಿಲ್ಲ, ಹಸಿವು ಮಾತ್ರ ಹೆಚ್ಚುತ್ತದೆ. ಕೋಣೆಯ ಆರ್ದ್ರತೆ ಶೇ. 30ಕ್ಕೂ ಕೆಳಗಿಳಿದು, ಬೇಕಾದ ತೇವವನ್ನು ನಿಮ್ಮ ತುಟಿ, ಕೈ, ಕಾಲಿನಿಂದ ಎಳೆದುಕೊಳ್ಳುತ್ತದೆ. ಗಾಳಿಯ ತೇವ ಅಳೆಯುವ ಅಗ್ಗದ ಹೈಗ್ರೋಮೀಟರ್ ಒಂದಿದ್ದರೆ ಒಳ್ಳೆಯದು. ಶೇ. 40ರಿಂದ 50ರ ನಡುವೆ ಇದ್ದರೆ ಸಾಕು. ಅದಕ್ಕಿಂತ ಬಹಳ ಮೇಲೇರಿಸಿದರೆ ಗೋಡೆಯ ಮೂಲೆಗಳಲ್ಲಿ ಬೂಷ್ಟು ಬರುತ್ತದೆ.

ಇನ್ನು ಸ್ನಾನ. ಚಳಿಗಾಲದ ಚರ್ಮವನ್ನು ಕೆಡಿಸುವುದರಲ್ಲಿ ಬಿಸಿಬಿಸಿ ನೀರಿಗೆ ಮೊದಲ ಸ್ಥಾನ ಕೊಡುತ್ತೇನೆ. ಜಿಡ್ಡು ಹಿಡಿದ ಪಾತ್ರೆಗೆ ಬಿಸಿನೀರು ಬಿದ್ದಾಗ ಏನಾಗುತ್ತದೋ ನಿಮ್ಮ ಬೆನ್ನಿಗೂ ಅದೇ ಆಗುತ್ತದೆ. ಮುಂಗೈಯ ಒಳಭಾಗಕ್ಕೆ ಸುರಿದುಕೊಂಡರೆ ಹಿತವಾಗಿ ಬೆಚ್ಚಗಿರಬೇಕು, ಚರ್ಮ ಕೆಂಪಾಗಬಾರದು. ಐದರಿಂದ ಹತ್ತು ನಿಮಿಷ ಸಾಕು. ಚರ್ಮದ ಮೇಲ್ಮೈಯ ಪಿಎಚ್ (ಹುಳಿ, ಕ್ಷಾರದ ಅಳತೆ) ಸುಮಾರು 5, ಅಂದರೆ ತುಸು ಹುಳಿ. ಮಾಮೂಲಿ ಸಾಬೂನಿನದು 9ರಿಂದ 10, ಅಂದರೆ ಕ್ಷಾರ, ಹಾಗಾಗಿ ಅದು ಚರ್ಮಕ್ಕೆ ಒಗ್ಗುವುದಿಲ್ಲ. ದಿನವೂ ಮೈಯೆಲ್ಲ ಸಾಬೂನು ಉಜ್ಜುವ ಅಗತ್ಯವೇ ಇಲ್ಲ. ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಹಾಕಿ. ಕೈಕಾಲಿಗೆ, ಬೆನ್ನಿಗೆ ನೀರೇ ಸಾಕು. ಮೈ ಉಜ್ಜುವ ಒರಟು ನಾರು, ಬ್ರಷ್ಷುಗಳಿಗೆ ಚಳಿ ಮುಗಿಯುವವರೆಗೆ ರಜೆ ಕೊಡಿ. ಎದ್ದ ಹೊಟ್ಟನ್ನು ಉಜ್ಜಿ ತೆಗೆದರೆ ನಯವಾಯಿತು ಅನ್ನಿಸುತ್ತದೆ ನಿಜ, ಆದರೆ ಅದರಡಿಯ ಇನ್ನೂ ಹಣ್ಣಾಗದ ಪದರ ಬಯಲಾಗಿ ಮರುದಿನ ಹೊಟ್ಟು ಇಮ್ಮಡಿಯಾಗುತ್ತದೆ.

ಸ್ನಾನ ಮುಗಿದ ಮೇಲಿನ ಮೂರು ನಿಮಿಷವೇ ಇಡೀ ಆರೈಕೆಯ ಜೀವಾಳ. ಟವೆಲಿನಿಂದ ಉಜ್ಜಬೇಡಿ, ತಟ್ಟಿ ತಟ್ಟಿ ಒರೆಸಿ. ನೀರು ಹರಿಯಬಾರದು, ಆದರೆ ಬೆರಳು ಸವರಿದರೆ ತಂಪು ತಾಗುವಷ್ಟು ಪಸೆ ಉಳಿದಿರಬೇಕು. ಆಗಲೇ, ಬಚ್ಚಲಿನಿಂದ ಹೊರಬರುವ ಮೊದಲೇ, ಎಣ್ಣೆ ಹಚ್ಚಬೇಕು. ವಯಸ್ಕರ ಇಡೀ ಮೈಗೆ ಎರಡರಿಂದ ಮೂರು ಟೀ ಚಮಚ ಎಣ್ಣೆ ಸಾಕು. ಅಂಗೈಯಲ್ಲಿ ಹಾಕಿ ಎರಡೂ ಕೈ ತಿಕ್ಕಿ ಬೆಚ್ಚಗಾಗಿಸಿ, ಕೂದಲು ಬೆಳೆದ ದಿಕ್ಕಿನಲ್ಲೇ ಸವರಿ. ಎದುರು ದಿಕ್ಕಿನಲ್ಲಿ ತಿಕ್ಕಿದರೆ ಕೂದಲ ಬುಡದಲ್ಲಿ ಎಣ್ಣೆ ಕಟ್ಟಿಕೊಂಡು ಗುಳ್ಳೆ ಏಳಬಹುದು. ಮೈ ಮೇಲೆ ಜಾರುವ ಎಣ್ಣೆ ಉಳಿದರೆ ಪ್ರಮಾಣ ಹೆಚ್ಚಾಯಿತು ಎಂದರ್ಥ. ಕ್ರೀಮ್ ಹಚ್ಚುವವರಿಗೆ ಲೆಕ್ಕ ಬೇರೆ: ಪೂರ್ತಿ ಮೈಗೆ ಒಮ್ಮೆಗೆ ಸುಮಾರು 30 ಗ್ರಾಂ ಹಿಡಿಯುತ್ತದೆ. ಹೆಚ್ಚಿನವರು ಅದರ ಕಾಲುಭಾಗ ಹಚ್ಚಿ ಕ್ರೀಮ್ ಕೆಲಸ ಮಾಡಲಿಲ್ಲ ಅನ್ನುತ್ತಾರೆ. ಎಣ್ಣೆ ಬಿದ್ದ ಬಚ್ಚಲ ನೆಲವನ್ನು ಕೂಡಲೇ ತೊಳೆಯಿರಿ, ಹಿರಿಯರಿರುವ ಮನೆಯಲ್ಲಂತೂ ಮರೆಯಲೇಬೇಡಿ.

ಯಾವ ಎಣ್ಣೆ? ಎಲ್ಲ ಎಣ್ಣೆಯೂ ಒಂದೇ ಅಲ್ಲ. ಲಿನೋಲಿಕ್ ಆಮ್ಲ ಹೆಚ್ಚಿರುವ ಸೂರ್ಯಕಾಂತಿ ಎಣ್ಣೆ ಒಣಚರ್ಮಕ್ಕೆ ನನ್ನ ಮೊದಲ ಆಯ್ಕೆ. ಕೆಲವು ಮುಖ್ಯ ಸೆರಮೈಡ್‌ಗಳ ತಯಾರಿಗೆ ಚರ್ಮಕ್ಕೆ ಆ ಆಮ್ಲ ಬೇಕು. ಚೀಟಿಯಲ್ಲಿ ‘ಹೈ ಓಲಿಕ್’ ಎಂದಿದ್ದರೆ ಬೇಡ, ಅದು ಬೇರೆ ಜಾತಿಯ ಬೀಜದ್ದು. ಕೊಬ್ಬರಿ ಎಣ್ಣೆಯೂ ಒಳ್ಳೆಯದು. ಅದರಲ್ಲಿ ಅರ್ಧದಷ್ಟಿರುವ ಲಾರಿಕ್ ಆಮ್ಲ ಕೆಲವು ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತದೆ. ಆದರೆ ಮೊಡವೆ ಬರುವ ಮುಖಕ್ಕೆ ಅದನ್ನು ಹಚ್ಚಬೇಡಿ. ಸುಮಾರು 24 ಡಿಗ್ರಿಯ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಕೆಟ್ಟಿದೆ ಎಂದು ಎಸೆಯುವುದು ಬೇಡ, ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟರೆ ಕರಗುತ್ತದೆ. ಆಲಿವ್ ಎಣ್ಣೆಗೆ ಇರುವ ಹೆಸರು ದೊಡ್ಡದು. ಆದರೆ ಅದರಲ್ಲಿ ಹೆಚ್ಚಿರುವ ಓಲಿಕ್ ಆಮ್ಲ ಆ ಗಾರೆಯ ಜೋಡಣೆಯನ್ನೇ ಸಡಿಲಿಸುತ್ತದೆ, ಎಳೆ ಮಕ್ಕಳಿಗೆ ಮತ್ತು ಎಸ್ಜಿಮಾ (ತುರಿಕೆಯ ಚರ್ಮರೋಗ) ಇರುವವರಿಗೆ ಖಂಡಿತ ಬೇಡ. ಸಾಸಿವೆ ಎಣ್ಣೆಯ ಖಾರ ಬಿರಿದ ಚರ್ಮಕ್ಕೆ ಉರಿ ತರುತ್ತದೆ. ಅಂದಹಾಗೆ, ತೇವದ ಸೋರಿಕೆ ತಡೆಯುವ ಶಕ್ತಿಯಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವ ಗಿಡದ ಎಣ್ಣೆ ಯಾವುದೂ ಇಲ್ಲ. ಗಿಡದಿಂದ ಬಂದದ್ದಲ್ಲ ಅನ್ನುವ ಒಂದೇ ಕಾರಣಕ್ಕೆ ರಕ್ತ ಬರುವಷ್ಟು ಒಡೆದ ಹಿಮ್ಮಡಿಗೆ ಅದನ್ನು ಹಚ್ಚದೆ ನರಳುವುದು ಸರಿಯಲ್ಲ.

ತೀರಾ ಒಣಗಿದ ಚರ್ಮಕ್ಕೆ ಎಣ್ಣೆಯ ಅಡಿಯಲ್ಲಿ ನೀರು ಹಿಡಿದಿಡುವ ಇನ್ನೊಂದು ಪದರ ಬೇಕು. ಅದಕ್ಕೆ ಗ್ಲಿಸರಿನ್. ಒಂದು ಚಮಚ ಗ್ಲಿಸರಿನ್‌ಗೆ ಒಂಬತ್ತು ಚಮಚ ಕುದಿಸಿ ಆರಿಸಿದ ನೀರು ಬೆರೆಸಿ, ಒದ್ದೆ ಮೈಗೆ ಹಚ್ಚಿ, ಮೇಲಿಂದ ಎಣ್ಣೆ ಸವರಿ. ನೀರು ಬೆರೆಸದ ಗ್ಲಿಸರಿನ್ ಅಂಟಂಟಾಗುವುದಲ್ಲದೆ, ಒಣ ಗಾಳಿಯಲ್ಲಿ ಮೇಲಿಂದ ತೇವ ಸಿಗದೆ ಚರ್ಮದ ಒಳಗಿನ ನೀರನ್ನೇ ಸೆಳೆಯುತ್ತದೆ. ಆ ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ. ಲೋಳೆಸರ ಬಳಸುವವರು ಎಲೆ ಕತ್ತರಿಸಿ, ಕತ್ತರಿಸಿದ ತುದಿ ಕೆಳಗಾಗಿ ಹದಿನೈದು ನಿಮಿಷ ನಿಲ್ಲಿಸಿ. ಇಳಿಯುವ ಹಳದಿ ರಸ ತುರಿಕೆ ತರುತ್ತದೆ. ಅದನ್ನು ತೊಳೆದು, ಸಿಪ್ಪೆ ತೆಗೆದು, ಒಳಗಿನ ತಿಳಿ ಲೋಳೆಯನ್ನಷ್ಟೇ ಹಚ್ಚಿ. ಅದೂ ಗ್ಲಿಸರಿನ್‌ನಂತೆಯೇ, ಮೇಲೆ ಎಣ್ಣೆ ಬೀಳದಿದ್ದರೆ ಆರಿ ಬಿಗಿಯುತ್ತದೆ.

ಕೈ, ಹಿಮ್ಮಡಿ, ಮೊಣಕೈಗಳಿಗೆ ಎಣ್ಣೆ ನಿಲ್ಲುವುದಿಲ್ಲ, ಮುಲಾಮು ಬೇಕು. ಮನೆಯಲ್ಲೇ ಮಾಡಬಹುದು: 40 ಗ್ರಾಂ ಸೂರ್ಯಕಾಂತಿ ಎಣ್ಣೆ, 10 ಗ್ರಾಂ ಜೇನುಮೇಣ. ಚಮಚದ ಲೆಕ್ಕ ಬೇಡ, ತೂಕ ಮಾಡಿ. ತುರಿದ ಮೇಣವನ್ನು ಚಮಚದಲ್ಲಿ ಅಳೆದರೆ ಪ್ರತಿಸಲ ಬೇರೆ ಬೇರೆ ಹದ ಬರುತ್ತದೆ. ಪಾತ್ರೆಯಲ್ಲಿ ಎರಡು ಬೆರಳು ನೀರು ಕಾಯಿಸಿ, ಅದರೊಳಗೆ ಒಣಗಿದ ಚಿಕ್ಕ ಪಾತ್ರೆಯಿಟ್ಟು ಎಣ್ಣೆ, ಮೇಣ ಎರಡನ್ನೂ ಹಾಕಿ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ, ಆದ್ದರಿಂದ ನೀರು ಕುದಿಯಬೇಕಿಲ್ಲ. ನೇರ ಉರಿಯ ಮೇಲೆ ಕರಗಿಸಿದರೆ ಬೆಂಕಿ ಹತ್ತುವ ಅಪಾಯವಿದೆ. ಮೇಣ ಪೂರ್ತಿ ಕರಗಿ ತಿಳಿಯಾದ ಮೇಲೆ ಒಂದು ಹನಿಯನ್ನು ತಣ್ಣನೆ ಸ್ಟೀಲ್ ತಟ್ಟೆಯ ಮೇಲೆ ಬಿಡಿ. ಎರಡು ನಿಮಿಷ ಬಿಟ್ಟು ಬೆರಳಿನಿಂದ ಒತ್ತಿ. ಮೊದಲು ಸ್ವಲ್ಪ ತಡೆದು, ಮೈಶಾಖಕ್ಕೆ ಕರಗಿ ಜಾರಿದರೆ ಹದ ಸರಿ. ಉಗುರಿನಿಂದ ಕೆರೆಯಬೇಕಾದಷ್ಟು ಗಟ್ಟಿಯಾದರೆ ಒಂದು ಟೀ ಚಮಚ ಎಣ್ಣೆ, ಎಣ್ಣೆಯಂತೆಯೇ ಹರಡಿದರೆ ಒಂದು ಗ್ರಾಂ ಮೇಣ ಸೇರಿಸಿ ಮತ್ತೆ ಕರಗಿಸಿ. ಅರ್ಧದಷ್ಟು ಕೊಬ್ಬರಿ ಎಣ್ಣೆ ಬಳಸುವುದಾದರೆ ಮೇಣ 8 ಗ್ರಾಂ ಸಾಕು, ಚಳಿಗೆ ಅದು ತಾನೇ ಗಟ್ಟಿಯಾಗುತ್ತದೆ.

ತೊಳೆದು ಪೂರ್ತಿ ಒಣಗಿಸಿದ ಡಬ್ಬಿಗೆ ಸುರಿದು, ತಣ್ಣಗಾಗುವವರೆಗೆ ಮುಚ್ಚಳ ಹಾಕಬೇಡಿ. ಬಿಸಿಯಿರುವಾಗ ಮುಚ್ಚಿದರೆ ಮುಚ್ಚಳದ ಒಳಗೆ ಬೆವರಿದ ನೀರು ಹನಿದು ಬೂಷ್ಟಿಗೆ ದಾರಿಯಾಗುತ್ತದೆ. ಶಿಯಾ ಬೆಣ್ಣೆ (ಆಫ್ರಿಕಾದ ಒಂದು ಮರದ ಬೀಜದ ಕೊಬ್ಬು) ಸೇರಿಸಿದ್ದರೆ ನಿಧಾನ ತಣಿಯುವಾಗ ರವೆಯಂಥ ಕಾಳು ಕಟ್ಟುತ್ತದೆ. ಮತ್ತೆ ಕರಗಿಸಿ ಫ್ರಿಜ್ಜಿನಲ್ಲಿ ಬೇಗ ತಣಿಸಿದರೆ ನಯವಾಗುತ್ತದೆ. ಈ ಮುಲಾಮಿನಲ್ಲಿ ನೀರಿಲ್ಲವಾದ್ದರಿಂದ ಒದ್ದೆ ಬೆರಳು ತಾಗದಿದ್ದರೆ ಆರು ತಿಂಗಳು ಬರುತ್ತದೆ. ಕಮಟು ವಾಸನೆ ಬಂದ ದಿನ ಎಸೆಯಿರಿ. ಇದಕ್ಕೇ ಪನ್ನೀರೋ ಲೋಳೆಸರವೋ ಬೆರೆಸಿ ಕ್ರೀಮ್ ಮಾಡುವ ಆಸೆ ಬೇಡ. ನೀರು ಸೇರಿದ ಕೂಡಲೇ ಸಂರಕ್ಷಕ ಬೇಕಾಗುತ್ತದೆ, ಇಲ್ಲದಿದ್ದರೆ ಕಣ್ಣಿಗೆ ಕಾಣುವ ಮೊದಲೇ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದಿರುತ್ತವೆ.

ಹಿಮ್ಮಡಿಗೆ ರಾತ್ರಿಯ ಹೊತ್ತು ಒಳ್ಳೆಯದು. ಉಗುರುಬೆಚ್ಚಗಿನ ನೀರಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ, ಹಿಮ್ಮಡಿ ಉಜ್ಜುವ ಕಲ್ಲಿನಿಂದ ಒಂದೇ ದಿಕ್ಕಿನಲ್ಲಿ ಹಗುರವಾಗಿ ಹತ್ತು ಬಾರಿ ಉಜ್ಜಿ, ಪಸೆ ಇರುವಾಗಲೇ ಮುಲಾಮು ಒತ್ತಿ ತುಂಬಿ ಹತ್ತಿಯ ಕಾಲುಚೀಲ ಹಾಕಿ. ಬಿರುಕಿನ ಅಂಚುಗಳ ಗಟ್ಟಿ ಚರ್ಮವೇ ಬಿರುಕನ್ನು ತೆರೆದಿಡುವುದು, ಅದು ಮೆತ್ತಗಾಗದೆ ಗಾಯ ಕೂಡುವುದಿಲ್ಲ. ರಕ್ತ ಜಿನುಗುತ್ತಿದ್ದರೆ ಕಲ್ಲು ಮುಟ್ಟಬೇಡಿ. ಸಕ್ಕರೆ ಕಾಯಿಲೆ ಇರುವವರು ಈ ಕಲ್ಲಿನ ಕೆಲಸಕ್ಕೇ ಹೋಗದೆ ನೇರ ವೈದ್ಯರಿಗೆ ಪಾದ ತೋರಿಸುವುದು ಒಳ್ಳೆಯದು.

ತುಟಿಗೂ ಅದೇ ಮುಲಾಮು. ನಾಲಿಗೆಯಿಂದ ಸವರುವುದನ್ನು ನಿಲ್ಲಿಸದಿದ್ದರೆ ಮಾತ್ರ ಯಾವ ಮುಲಾಮೂ ಹಿಡಿಯುವುದಿಲ್ಲ. ಎಂಜಲು ಆರುವಾಗ ಇದ್ದ ತೇವವನ್ನೂ ಒಯ್ಯುತ್ತದೆ, ಅದರಲ್ಲಿರುವ ಜೀರ್ಣರಸ ತೆಳು ಚರ್ಮವನ್ನು ಕೆರಳಿಸುತ್ತದೆ. ಪುದೀನ, ಕರ್ಪೂರದ ತಂಪು ಇರುವ ಲಿಪ್ ಬಾಮ್‌ಗಳೂ ಒಡೆದ ತುಟಿಗೆ ಆಗಿಬರುವುದಿಲ್ಲ.

ಮೈಯೆಲ್ಲ ತುರಿಸುವವರಿಗೆ ಓಟ್ಸ್ ನೀರಿಗಿಂತ ಸೌಮ್ಯವಾದದ್ದು ನನಗೆ ತಿಳಿದಂತೆ ಇಲ್ಲ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲಿ ನಯವಾದ ಓಟ್ಸ್ ಪುಡಿಯನ್ನು ಚರ್ಮರಕ್ಷಕಗಳ ಪಟ್ಟಿಗೆ ಸೇರಿಸಿದೆ. ಸಕ್ಕರೆ, ಸುವಾಸನೆ ಬೆರೆಸದ 100 ಗ್ರಾಂ ಓಟ್ಸನ್ನು ಮಿಕ್ಸಿಯಲ್ಲಿ ಪುಡಿ ಮಾಡಿ, ಒಂದು ಚಮಚ ಪುಡಿಯನ್ನು ಲೋಟ ನೀರಿಗೆ ಹಾಕಿ ಕಲಕಿ. ನೀರು ಹಾಲಿನಂತಾಗಿ ಹಾಗೇ ನಿಂತರೆ ಸರಿ, ತಳಕ್ಕೆ ಇಳಿದರೆ ಇನ್ನೊಂದು ಸುತ್ತು ತಿರುಗಿಸಿ. ಉಳಿದ ಪುಡಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಉಗುರುಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಹತ್ತು ನಿಮಿಷ ಬಿಟ್ಟು ಹಿಂಡಿ, ಸಾಬೂನಿನ ಬದಲು ಆ ನೀರನ್ನೇ ಮೈಗೆ ಹೊಯ್ದುಕೊಳ್ಳಿ. ಬರೀ ನೀರಿನಿಂದ ತೊಳೆಯಬೇಕಿಲ್ಲ. ಆಮೇಲೆ ಮೂರು ನಿಮಿಷದ ಎಣ್ಣೆ ಇದ್ದೇ ಇದೆ.

ನಿಂಬೆರಸ, ಅಡುಗೆ ಸೋಡಾ ಎರಡನ್ನೂ ಚರ್ಮದಿಂದ ದೂರವಿಡಿ. ನಿಂಬೆಯ ಪಿಎಚ್ 2ರ ಹತ್ತಿರ, ಮೇಲಾಗಿ ಅದು ಹಚ್ಚಿದ ಜಾಗಕ್ಕೆ ಬಿಸಿಲು ತಾಗಿದರೆ ಸುಟ್ಟ ಕಲೆ ಬೀಳುತ್ತದೆ. ಅಡಿಗೆಮನೆಯ ವಸ್ತು ಎಂದಾಕ್ಷಣ ಅದು ಚರ್ಮಕ್ಕೆ ಹಿತ ಎಂದಲ್ಲ. ಹೊಸದಾಗಿ ಏನನ್ನು ಹಚ್ಚುವ ಮೊದಲೂ ಮೊಣಕೈಯ ಒಳಮಡಿಕೆಯಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಿ. ಅಲರ್ಜಿ ಕೆಲವೊಮ್ಮೆ ಮೊದಲ ದಿನವೇ ತೋರಿಸಿಕೊಳ್ಳುವುದಿಲ್ಲ.

ಉಣ್ಣೆಯ ಬಟ್ಟೆಯ ಒಳಗೆ ಹತ್ತಿಯದೊಂದು ಪದರ ಇರಲಿ, ಪಾತ್ರೆ ತೊಳೆಯುವಾಗ ರಬ್ಬರ್ ಕೈಗವಸು ಇರಲಿ. ಹೀಟರಿನ ಎದುರು ಕಾಲು ಚಾಚಿ ದಿನವೂ ಗಂಟೆಗಟ್ಟಲೆ ಕೂತರೆ ಕೆಲವು ವಾರಗಳಲ್ಲಿ ಚರ್ಮದ ಮೇಲೆ ಬಲೆಯಂಥ ಕಂದು ಗೆರೆಗಳು ಮೂಡುತ್ತವೆ. ಅವು ಕೊಳೆಯಲ್ಲ, ಶಾಖದ ಗಾಯ, ಉಜ್ಜಿದರೆ ಹೋಗುವುದಿಲ್ಲ. ಎಣ್ಣೆ, ಮುಲಾಮು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ ಎಂಬುದನ್ನೂ ಹೀಟರಿನ ಬಳಿ ನೆನಪಿಡಿ.

ಎರಡು ವಾರ ಹೀಗೆ ನಡೆಸಿದರೂ ತುರಿಕೆಗೆ ನಿದ್ದೆ ಕೆಡುತ್ತಿದ್ದರೆ, ಬಿರುಕಿನಿಂದ ನೀರು ಸೋರಿ ಹಳದಿ ಹಕ್ಕಳೆ ಕಟ್ಟಿದರೆ ಮನೆಮದ್ದು ನಿಲ್ಲಿಸಿ ಚರ್ಮವೈದ್ಯರನ್ನು ಕಾಣಿ. ಒಣಚರ್ಮದ ಜೊತೆಗೆ ವಿಪರೀತ ಸುಸ್ತು, ಕೂದಲುದುರುವಿಕೆ, ಉಳಿದವರಿಗಿಲ್ಲದ ಚಳಿ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಏಕೆಂದರೆ ಆ ಒಣಗುವಿಕೆ ಎಣ್ಣೆಗೆ ಬಗ್ಗುವುದಿಲ್ಲ.